ಅನ್ನದ ಹಂಗು

ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ‘ಆಮಿಷ’ಕ್ಕೆ ಒಂದು ವಿವರಣೆ ಇದೆ. ಹಣ, ಉಡುಗೊರೆ, ನೌಕರಿ, ಮದುವೆಯ ಭರವಸೆಗಳ ಸಾಲಿನಲ್ಲೇ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣವೂ ಬರುತ್ತದೆ. ಅಪ್ರಾಪ್ತ ಮಕ್ಕಳನ್ನು ಹೀಗೆ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಜೈಲು. ಮರುವರ್ಷ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಆಗಲಿ, ಆ ವಿವರಣೆ ಎತ್ತಿದ ಪ್ರಶ್ನೆ ಮಾತ್ರ ಹೋಗುವಂಥದ್ದಲ್ಲ. ಉಚಿತವಾಗಿ ಕೊಟ್ಟ ಅನ್ನ, ಅಕ್ಷರ ಯಾವಾಗ ಸೇವೆ, ಯಾವಾಗ ಆಮಿಷ?

ಬೆಂಗಳೂರಿನ ಕಂಟೋನ್ಮೆಂಟ್ ಭಾಗಕ್ಕೆ ಈ ಪ್ರಶ್ನೆ ಮನೆಯೊಳಗಿನದು. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಮಿಷನ್ ಶಾಲೆಯಲ್ಲಿ ಕಡಿಮೆ ಫೀಸಿಗೋ ಫೀಸಿಲ್ಲದೆಯೋ ಓದಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು ಬೇಕಾದಷ್ಟು ಮಂದಿ. ‘ಸಿಸ್ಟರ್ ಇಲ್ಲದಿದ್ದರೆ ನನ್ನ ಮಗಳು ಇವತ್ತು ಮನೆಗೆಲಸಕ್ಕೆ ಹೋಗುತ್ತಿದ್ದಳು’ ಎನ್ನುವ ತಾಯಂದಿರು ಇಲ್ಲಿದ್ದಾರೆ. ‘ಬಡವರ ಹಸಿವನ್ನು ಬಂಡವಾಳ ಮಾಡಿಕೊಂಡು ದೇವರನ್ನು ಬದಲಾಯಿಸುತ್ತಾರೆ’ ಎನ್ನುವ ನೆರೆಯವರೂ ಅದೇ ಬೀದಿಯವರೇ. ಇಬ್ಬರ ಮಾತಿನಲ್ಲೂ ಪ್ರಾಮಾಣಿಕತೆ ಇದೆ ಎಂದು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದಾಗ ಅದರ ಬೆನ್ನಿಗೇ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ದರ್ಜಿಗಳು, ಕಟುಕರು ಬಂದು ನೆಲೆಸಿದರು. ಹೆಚ್ಚಿನವರ ಮನೆಮಾತು ತಮಿಳು. ಅವರ ಮಕ್ಕಳಿಗೆ ಶಾಲೆ ಬೇಕಿತ್ತು, ತಂದೆತಾಯಿ ಸತ್ತರೆ ನೆರಳು ಬೇಕಿತ್ತು. ಫ್ರಾನ್ಸಿನ ಆಂಜೆಯಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಂಸ್ಥೆಯ ಸಿಸ್ಟರ್‌ಗಳು 1854ರಲ್ಲಿ ಬಂದರು. ಮುಂದೆ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದವರೂ ಅವರೇ. ಆದರೆ ಈ ಕೆಲಸ ಕ್ರೈಸ್ತರದು ಮಾತ್ರ ಆಗಿರಲಿಲ್ಲ. ಅಠಾರಾ ಕಚೇರಿ ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಇದೇ ಕಂಟೋನ್ಮೆಂಟಿನಲ್ಲಿ ಬಡ ಮಕ್ಕಳಿಗೆಂದು ಶಾಲೆ ತೆರೆದರು; ಅವರ ಹೆಸರಿನ ಆರ್‌ಬಿಎಎನ್‌ಎಂ ಸಂಸ್ಥೆಗಳು ಇಂದಿಗೂ ಹಲಸೂರಿನ ಸುತ್ತ ನಡೆಯುತ್ತಿವೆ. ಬಡ ಮಕ್ಕಳ ಬಗ್ಗೆ ನಮ್ಮವರು ಯಾರೂ ಯೋಚಿಸಲೇ ಇಲ್ಲ ಎನ್ನುವ ಮಿಷನ್ ಕಥೆ ಸುಳ್ಳು. ಮೊದಲಿಯಾರ್ ಅವರಂಥವರು ಎಷ್ಟು ಮಂದಿ ಇದ್ದರು ಎಂದು ಕೇಳಿದರೆ ಉತ್ತರ ಕೊಡುವುದು ನಮಗೂ ಸುಲಭವಲ್ಲ.

ಆ ಶಾಲೆ ತೆರೆದ ಮೂರೇ ವರ್ಷಕ್ಕೆ ಬರ ಬಂತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1876–78ರ ಬರ ಮುಗಿದ ಮೇಲೆ, 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕಿಂತ ಕಡಿಮೆ. ಹಳೆ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಹೆಣ್ಣುಮಗಳು ಬರಪೀಡಿತ ಅನಾಥ ಮಕ್ಕಳನ್ನು ಸೇರಿಸಿಕೊಂಡು ಅನಾಥಾಲಯ ನಡೆಸಿದಳು. 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು. ಅಂಥ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಅವರ ಅಭಿಪ್ರಾಯ ಕೇಳಿದವರಿಲ್ಲ. ಕೇಳಿದರೂ ಐದು ವರ್ಷದ ಕೂಸು ಏನು ಹೇಳೀತು?

ಇಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ? ಬದುಕಿ ಉಳಿದ ಮಗುವಿನ ಮೊಮ್ಮಗಳು ಇಂದು ನರ್ಸಾಗಿ ದುಡಿಯುತ್ತಿದ್ದರೆ ಆಕೆಗೆ ಈ ಪ್ರಶ್ನೆಯೇ ಅವಮಾನ ಅನ್ನಿಸಬಹುದು. ಸತ್ತ ರೈತನ ಕಡೆಯಿಂದ ನೋಡಿದರೆ, ತನ್ನ ಮನೆದೇವರ ಹೆಸರಿಟ್ಟ ಮಗ ಬೇರೆ ಹೆಸರಿನಿಂದ ಬೆಳೆದ. ಬರಗಾಲದ ಅನಾಥಾಲಯವನ್ನು ನಾನು ದೂರಲಾರೆ. ಸಾವಿನ ಎದುರು ನಿಂತವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಬರಗಾಲದ ಆ ನ್ಯಾಯವನ್ನೇ ಇವತ್ತಿನ ಬೆಂಗಳೂರಿಗೂ ಎಳೆದು ತರುವವರನ್ನು ಒಪ್ಪಲಾರೆ. ಇಂದು ಮಗುವಿಗೆ ತಾಯಿ ಇದ್ದಾಳೆ, ರೇಷನ್ ಕಾರ್ಡ್ ಇದೆ, ಶಾಲೆಯಲ್ಲಿ ಬಿಸಿಯೂಟ ಇದೆ, ಕಾನೂನು ಇದೆ.

ಈಗ ಮಿಷನ್ನಿನವರು ನಡೆಸುವ ಮಕ್ಕಳ ಮನೆಯೊಂದರ ದಿನ ಹೇಗಿರುತ್ತದೆ ಎಂದು ನೋಡೋಣ. ಹೊರಗಿನಿಂದ ಹೊಗಳುವವರಿಗಾಗಲಿ ಬೈಯುವವರಿಗಾಗಲಿ ಅದು ಅಷ್ಟಾಗಿ ಗೊತ್ತಿಲ್ಲ. ಹಲಸೂರು, ಇಂದಿರಾನಗರದ ಬಾಡಿಗೆ ತಾಳಲಾರದೆ ಇಂಥ ಸಣ್ಣ ಮನೆಗಳು ಕೆ.ಆರ್. ಪುರದ ಆಚೆಗೆ, ಹೊಸಕೋಟೆಯ ಕಡೆಗೆ ಸರಿಯುತ್ತಲೇ ಇವೆ. ಮೂವತ್ತು ಮಕ್ಕಳಿರುವ ಮನೆಯಲ್ಲಿ ಬೆಳಗಿನ ಐದಕ್ಕೆ ಮೋಟಾರ್ ಹಾಕಬೇಕು. ಸಂಪು ಬರಿದಾಗಿದ್ದರೆ ಟ್ಯಾಂಕರಿನವನಿಗೆ ಫೋನು. ದೊಡ್ಡ ಒಲೆಯ ಮೇಲೆ ಉಪ್ಪಿಟ್ಟೋ ಚಿತ್ರಾನ್ನವೋ ಬೇಯುವ ಹೊತ್ತಿಗೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗನ ಚಾಪೆಯನ್ನು ಉಳಿದವರಿಗೆ ಕಾಣದ ಹಾಗೆ ತೊಳೆದು ಹಾಕಬೇಕು. ಕಜ್ಜಿ ಒಬ್ಬನಿಗೆ ಬಂದರೆ ವಾರದೊಳಗೆ ಎಲ್ಲರಿಗೂ. ಹೇನು ನೋಡಲು ಭಾನುವಾರ ಮಧ್ಯಾಹ್ನವೇ ಗತಿ. ಎಣ್ಣೆ ಹಚ್ಚಿ, ಜಡೆ ಹೆಣೆದು, ಎಡ ಬಲ ಬೂಟು ಹುಡುಕಿ ಎಂಟೂವರೆಗೆ ಶಾಲೆಗೆ ಕಳಿಸಿದ ಮೇಲೆ ಕಾಗದದ ಕೆಲಸ ಶುರು.

ಆ ಕಾಗದದ ಕೆಲಸ ಸಣ್ಣದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಪ್ರತಿ ಮನೆಯೂ ನೋಂದಣಿ ಆಗಿರಬೇಕು, ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಸಮಿತಿಯ ಆದೇಶವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. 2016ರ ಮಾದರಿ ನಿಯಮಗಳ ಲೆಕ್ಕದಲ್ಲಿ 50 ಮಕ್ಕಳಿಗೆ ಸಾವಿರ ಚದರಡಿಯ ಎರಡು ಮಲಗುವ ಕೋಣೆ, ಅಂದರೆ ಮಗುವೊಂದಕ್ಕೆ 40 ಚದರಡಿ. ಒಂದೊಂದು ಮಗುವಿಗೂ ಬೇರೆ ಫೈಲು, ಆರೋಗ್ಯದ ದಾಖಲೆ, ಪಾಲನಾ ಯೋಜನೆ. ದೇವದುರ್ಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗಿಗೆ ಹಳೆ ಶಾಲೆಯ ಟೀಸಿ ಇರುವುದಿಲ್ಲ, ಆಧಾರಿನಲ್ಲಿ ಅಪ್ಪನ ಹೆಸರು ಒಂದು, ಅಮ್ಮ ಹೇಳುವುದು ಇನ್ನೊಂದು. ಅದನ್ನು ಸರಿಪಡಿಸಲು ಸಿಸ್ಟರ್ ಒಬ್ಬರು ಮೂರು ಕಚೇರಿ ಅಲೆದು, ಟೋಕನ್ ಹಿಡಿದು ಕೂತು, ‘ಸರ್ವರ್ ಇಲ್ಲ, ನಾಳೆ ಬನ್ನಿ ಮೇಡಂ’ ಎನ್ನಿಸಿಕೊಂಡು ಬರುತ್ತಾರೆ. ಬಡ ತಾಯಿಯೊಬ್ಬಳು ಒಂದು ದಿನದ ಕೂಲಿ ಬಿಟ್ಟು ಮಾಡಬೇಕಾಗಿದ್ದ ಕೆಲಸವದು. ಮಿಷನ್ ಮಾಡುವ ಉಪಕಾರಗಳಲ್ಲಿ ಯಾರ ಫೋಟೋದಲ್ಲೂ ಬರದಿರುವುದು ಇದೇ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದೂ ಇದೇ.

ಸಂಜೆ ಟ್ಯೂಷನ್, ಏಳಕ್ಕೆ ಪ್ರಾರ್ಥನೆ, ಆಮೇಲೆ ಅನ್ನ ಸಾರು. ರಾತ್ರಿ ಹನ್ನೊಂದಕ್ಕೆ ಜ್ವರ ಏರಿದರೆ ಆಟೋ ಹಿಡಿದು ಸಿ.ವಿ. ರಾಮನ್ ಆಸ್ಪತ್ರೆಗೋ ಬೌರಿಂಗಿಗೋ ಓಡಬೇಕು.

ಈ ದಿನಚರಿಯ ಒಳಗೆ ಒಂದು ನೋವಿದೆ. ಮಕ್ಕಳನ್ನು ನಿಜಕ್ಕೂ ನೋಡಿಕೊಳ್ಳುವವರು ಫಾದರ್ ಅಲ್ಲ, ಪಾಸ್ಟರ್ ಅಲ್ಲ. ‘ಆಂಟಿ’ ಎಂದು ಕರೆಸಿಕೊಳ್ಳುವ ಮನೆಯೊಳಗಿನ ಹೆಂಗಸು. ಅವಳ ಸಂಬಳ ಎಷ್ಟೋ ಕಡೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುವವಳಿಗಿಂತ ಕಡಿಮೆ. ಹಾಗಾಗಿ ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಾಳೆ. ಈಗಾಗಲೇ ಒಬ್ಬ ತಾಯಿಯನ್ನು ದೂರ ಮಾಡಿಕೊಂಡ ಮಗು ಎರಡನೆಯವಳನ್ನೂ ಮೂರನೆಯವಳನ್ನೂ ಕಳೆದುಕೊಳ್ಳುತ್ತದೆ. ರೊಮೇನಿಯಾದ ಬುಕಾರೆಸ್ಟಿನಲ್ಲಿ ಅನಾಥಾಲಯದ ಕೂಸುಗಳನ್ನೂ ಸಾಕುಮನೆಗೆ ಕಳಿಸಿದ ಕೂಸುಗಳನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ ಸಂಶೋಧಕರು, ಸಾಕುಮನೆಯಲ್ಲಿ ಬೆಳೆದವರ ಬುದ್ಧಿಬೆಳವಣಿಗೆ ಸ್ಪಷ್ಟವಾಗಿ ಮೇಲಿದೆ ಎಂದು 2007ರಲ್ಲಿ ಬರೆದರು. ಚಿಕ್ಕ ಮಗುವಿಗೆ ಬೇಕಾದದ್ದು ತನ್ನದೇ ಆದ ಒಬ್ಬ ವ್ಯಕ್ತಿ. ಅದನ್ನು ಕೊಡುವುದು ಎಷ್ಟೇ ಪ್ರೀತಿಯ ಸಂಸ್ಥೆಗೂ ಕಷ್ಟ. ಮತಾಂತರದ ಗದ್ದಲದಲ್ಲಿ ಈ ಮಾತನ್ನು ಎತ್ತುವವರೇ ಇಲ್ಲ. ಸಂಸ್ಥೆ ಮಠದ್ದಾಗಲಿ, ಚರ್ಚಿನದಾಗಲಿ, ಸರ್ಕಾರಿ ಬಾಲಮಂದಿರವಾಗಲಿ, ಈ ಕೊರತೆ ಎಲ್ಲ ಕಡೆ ಒಂದೇ.

ಕಾನೂನೂ ಇದನ್ನು ಒಪ್ಪುತ್ತದೆ. ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲಿ ಒಂದು. ಆದರೆ ಕೇಂದ್ರ ಸರ್ಕಾರವೇ ಮಾಡಿಸಿ 2018ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ ದೇಶದಲ್ಲಿ ಒಂಬತ್ತೂವರೆ ಸಾವಿರದಷ್ಟು ಇಂಥ ಸಂಸ್ಥೆಗಳು, ಅವುಗಳಲ್ಲಿ ಮೂರೂಮುಕ್ಕಾಲು ಲಕ್ಷದಷ್ಟು ಮಕ್ಕಳು ಕಂಡರು. ಅವರಲ್ಲಿ ಅನಾಥರಿಗಿಂತ ತಾಯಿಯೋ ತಂದೆಯೋ ಬದುಕಿರುವ ಮಕ್ಕಳೇ ಹೆಚ್ಚು. ಅವರನ್ನು ಮನೆಯಿಂದ ಹೊರಗೆ ತಂದದ್ದು ಸಾವಲ್ಲ, ಬಡತನ.

ಇದಕ್ಕೆ ಸಿಸ್ಟರ್‌ಗಳ ಕಡೆಯಿಂದ ಬರುವ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಬುಡದಲ್ಲಿ ತಗಡಿನ ಶೆಡ್ಡು, ಬಾಗಿಲಿಗೆ ಚಿಲಕವಿಲ್ಲ, ಗಂಡ ಕುಡಿದು ಬರುತ್ತಾನೆ, ಹೆಂಡತಿ ಹಗಲೆಲ್ಲ ಜಲ್ಲಿ ಹೊರುತ್ತಾಳೆ, ಹನ್ನೆರಡು ವರ್ಷದ ಮಗಳು ಒಬ್ಬಳೇ ತಮ್ಮನನ್ನು ನೋಡಿಕೊಂಡು ಇರುತ್ತಾಳೆ. ‘ಅವಳನ್ನು ಮನೆಯಲ್ಲೇ ಬಿಡಿ, ಕುಟುಂಬವೇ ಒಳ್ಳೆಯದು ಎಂದು ಹೇಳುವುದು ನಿಮಗೆ ಸುಲಭ’ ಎನ್ನುತ್ತಾರೆ ಇಂಥ ಮನೆ ನಡೆಸುವವರು. ಸುಲಭವೇ. ಆ ತಾಯಿ ಮಗಳನ್ನು ಬಿಟ್ಟು ಹೋಗುವುದು ಪ್ರೀತಿ ಕಡಿಮೆಯಾಗಿ ಅಲ್ಲ. ರಾತ್ರಿ ನೆಮ್ಮದಿಯಾಗಿ ನಿದ್ದೆ ಬರಲಿ ಎಂದು.

ಬೀದಿಗೆ ಬಂದ ಮಕ್ಕಳ ವಿಷಯದಲ್ಲಿ ಕೆ.ಆರ್. ಪುರದ್ದೇ ಒಂದು ಕಥೆ ಇದೆ. ಇಲ್ಲಿನ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಸಲೇಷಿಯನ್ ಬ್ರದರ್‌ಗಳು 1980ರಲ್ಲಿ ನಗರದ ಬೀದಿ ಮಕ್ಕಳನ್ನು ಹುಡುಕಿಕೊಂಡು ಹೊರಟರು. ಅದೇ ಮುಂದೆ ಬೆಂಗಳೂರು ಓಣಿಯವರ ಸೇವಾ ಕೂಟ, ಜನರ ಬಾಯಲ್ಲಿ ‘ಬಾಸ್ಕೊ’ ಆಯಿತು. ಅವರು ಮೊದಲು ಕಟ್ಟಿದ್ದು ಕಟ್ಟಡವನ್ನಲ್ಲ, ಪರಿಚಯವನ್ನು. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಲ್ಲಿ ಚಿಂದಿ ಆಯುವ, ಬೂಟು ಪಾಲಿಶ್ ಮಾಡುವ ಹುಡುಗರ ಜೊತೆ ಕೂತು ಮಾತಾಡಿದರು. ಊರಿಗೆ ಮರಳಬೇಕೆನ್ನುವವನನ್ನು ಊರಿಗೆ ಕಳಿಸಿದರು, ಓದುತ್ತೇನೆ ಎಂದವನಿಗೆ ಜಾಗ ಕೊಟ್ಟರು. 1098 ಮಕ್ಕಳ ಸಹಾಯವಾಣಿ ಬೆಂಗಳೂರಿಗೆ ಬಂದಾಗ ಅದರ ಕೆಲಸಕ್ಕೂ ಹೆಗಲು ಕೊಟ್ಟರು. 2023ರಲ್ಲಿ ಆ ಸಹಾಯವಾಣಿ ಸಂಘಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಹೋಯಿತು. ಹೊಣೆ ಸರ್ಕಾರದ್ದೇ ಆಗಬೇಕು ಎಂಬುದು ಸರಿ. ಆದರೆ ನಿಲ್ದಾಣದ ಮೂಲೆ ಮೂಲೆ ಗೊತ್ತಿದ್ದ, ಹುಡುಗರನ್ನು ಹೆಸರು ಹಿಡಿದು ಕರೆಯುತ್ತಿದ್ದ ಕಾರ್ಯಕರ್ತರ ಆ ಅನುಭವ ಆದೇಶದೊಂದಿಗೆ ವರ್ಗಾವಣೆ ಆಗುವ ವಸ್ತುವಲ್ಲ. 2022ರಲ್ಲಿ ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್ ತೆರೆದ ಮೇಲೆ ಬಂಗಾಳ, ಬಿಹಾರ, ಅಸ್ಸಾಮಿನ ಕಡೆಯ ರೈಲುಗಳು ನಗರದ ಈ ಪೂರ್ವ ಭಾಗಕ್ಕೇ ಬಂದು ನಿಲ್ಲುತ್ತವೆ. ಕೆಲಸ ಹುಡುಕಿ ಬರುವ ಹದಿಮೂರು ಹದಿನಾಲ್ಕರ ಹುಡುಗರು ಮೊದಲು ಇಳಿಯುವುದೂ ಇಲ್ಲೇ.

ಇನ್ನು ಪ್ರಾರ್ಥನೆಯ ವಿಷಯ. ಸಂವಿಧಾನದ 28(3)ನೇ ವಿಧಿ ಹೇಳುವುದು ಇಷ್ಟು: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಓದುವ ಅಪ್ರಾಪ್ತ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೂ ಪೂಜೆಗೂ ಕೂರಿಸುವಂತಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ, ಮನೆಯಿಂದ ದೂರವಾದ ಮಗುವನ್ನು ಬೆಳೆಸುವಾಗ ಅದರ ಧರ್ಮ, ಭಾಷೆ, ಸಂಸ್ಕೃತಿಯ ಕೊಂಡಿ ಕಳಚದ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ. ಮಿಷನ್ನಿನವರು ‘ಪೋಷಕರ ಒಪ್ಪಿಗೆ ಇದೆ’ ಎನ್ನುತ್ತಾರೆ. ಇದೆ, ಸಹಿಯೂ ಹೆಬ್ಬೆಟ್ಟೂ ಇದೆ. ಆದರೆ ಮಗಳಿಗೆ ಜಾಗ ಸಿಗಲಿ ಎಂದು ಗೇಟಿನ ಬಳಿ ನಿಂತ ತಾಯಿ ‘ಪ್ರಾರ್ಥನೆಗೆ ಮಾತ್ರ ಬೇಡ’ ಎಂದು ಹೇಳಬಲ್ಲಳೇ? ಕೇಳುವವರು ಎಷ್ಟೇ ಮೆದುವಾಗಿ ಕೇಳಿದರೂ ಅವಳು ತಲೆಯಾಡಿಸುತ್ತಾಳೆ. ಅನ್ನ ಕೊಡುವವರ ಮುಂದೆ ಬಡವರ ಒಪ್ಪಿಗೆಯ ತೂಕ ಕಡಿಮೆ. ಮಿಷನ್ನಿನ ಬಗ್ಗೆ ಇರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು. ವಿದೇಶಿ ಪಿತೂರಿಯ ಮಾತುಗಳಲ್ಲಿ ಅಷ್ಟು ಹುರುಳಿಲ್ಲ.

ಹಾಗೆಂದು ಈ ಅಳತೆಗೋಲನ್ನು ಚರ್ಚಿಗೆ ಮಾತ್ರ ಹಿಡಿಯುವುದು ನ್ಯಾಯವಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುತ್ತಾರೆ. ಬೆಳಗ್ಗೆ, ಸಂಜೆ ಬಯಲಿನಲ್ಲಿ ಸಾಲಾಗಿ ಕೂತು ಪ್ರಾರ್ಥನೆ ಮಾಡುವ ಆ ಮಕ್ಕಳಲ್ಲಿ ಬೇರೆ ಬೇರೆ ಜಾತಿ, ಧರ್ಮದವರಿದ್ದಾರೆ. 2019ರಲ್ಲಿ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ನಾಡಿಗೆ ನಾಡೇ ಅತ್ತಿತು. ಆ ಪ್ರಾರ್ಥನೆಯನ್ನು ಆಮಿಷ ಎಂದು ಯಾರೂ ಕರೆಯಲಿಲ್ಲ, ಕರೆಯಲೂಬಾರದು. ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ, ಮಠದಿಂದ ಮನೆಗೆ ಮರಳಿದ ಹುಡುಗನ ಹೆಸರಾಗಲಿ ಧರ್ಮವಾಗಲಿ ಬದಲಾಗಿರುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ತಿರುಳಿದೆ. ಇದೇ ಅಳತೆಯಲ್ಲಿ ನೋಡಿದರೆ ಕಂಟೋನ್ಮೆಂಟಿನ ಎಷ್ಟೋ ಕಾನ್ವೆಂಟುಗಳು ತಲೆಮಾರುಗಟ್ಟಲೆ ಹಿಂದೂ, ಮುಸ್ಲಿಂ ಹುಡುಗಿಯರನ್ನು ಓದಿಸಿ ಇದ್ದ ಹಾಗೆಯೇ ಮನೆಗೆ ಕಳಿಸಿವೆ. ಬಾಡಿಗೆ ಕಟ್ಟಡದ ಮಹಡಿಯಲ್ಲಿ ಸಭೆ ನಡೆಸುವ ಕೆಲವು ಸಣ್ಣ ಸ್ವತಂತ್ರ ಪಂಗಡಗಳು ಮಾತ್ರ ಸುವಾರ್ತೆ ಸಾರುವುದೇ ತಮ್ಮ ಮೊದಲ ಕೆಲಸ, ಮಕ್ಕಳ ಸೇವೆ ಅದರ ಭಾಗ ಎಂದು ಬಾಯಿಬಿಟ್ಟೇ ಹೇಳುತ್ತವೆ. ಇವೆಲ್ಲವನ್ನೂ ‘ಮಿಷನ್’ ಎಂಬ ಒಂದೇ ಹೆಸರಿನಡಿ ತಂದು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆಯೂ ಇದೇ: ತನ್ನ ಧರ್ಮದ ತತ್ವಗಳನ್ನು ಸಾರುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ.

ಮಗುವಿನ ಧರ್ಮ ಬದಲಾದರೆ ಆಗುವ ನಷ್ಟದ ಬಗ್ಗೆ ಎರಡೂ ಕಡೆಯವರು ಮಾತಾಡುವುದು ಕಡಿಮೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತನಾದ ದಲಿತ ಹುಡುಗ ಆ ಪಟ್ಟಿಯಿಂದ ಹೊರಗೆ ಬೀಳುತ್ತಾನೆ; ಕರ್ನಾಟಕದಲ್ಲಿ ಅಂಥವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಹತ್ತನೇ ತರಗತಿಯ ನಂತರದ ವಿದ್ಯಾರ್ಥಿವೇತನ, ಇಂಜಿನಿಯರಿಂಗ್ ಸೀಟು, ಸರ್ಕಾರಿ ನೌಕರಿ ಎಲ್ಲದರ ಲೆಕ್ಕ ಬದಲಾಗುತ್ತದೆ. ಏಳನೇ ವಯಸ್ಸಿನಲ್ಲಿ ಯಾರೋ ಶಾಲೆಯ ಅರ್ಜಿಯ ಒಂದು ಕಾಲಂ ತುಂಬಿದ್ದಕ್ಕೆ ಹದಿನೆಂಟನೇ ವಯಸ್ಸಿನಲ್ಲಿ ಬೆಲೆ ತೆರುವವನು ಆ ಹುಡುಗ. ಜಾತಿಯ ಕೊಳೆ ಚರ್ಚಿನ ಬಾಗಿಲಲ್ಲಿ ತೊಳೆದುಹೋಗುವುದಿಲ್ಲ ಎಂದು ದಲಿತ ಕ್ರೈಸ್ತರು ದಶಕಗಳಿಂದ ಹೇಳುತ್ತಲೇ ಇದ್ದಾರೆ. ಅದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ಕಾನೂನು ಬದಲಾಗುವವರೆಗೆ, ಬಡ ಮಗುವಿಗೆ ದೀಕ್ಷಾಸ್ನಾನ ಕೊಡುವವರು ಈ ಲೆಕ್ಕವನ್ನು ತಾಯಿಗೆ ಬಿಡಿಸಿ ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದೇ ನನ್ನ ಅಭಿಪ್ರಾಯ.

ಹಣದ ವಿಷಯಕ್ಕೆ ಬಂದರೆ ಸರ್ಕಾರದ ಅನುಮಾನಕ್ಕೂ ಕಾರಣವಿದೆ, ಆ ಅನುಮಾನದ ಪೆಟ್ಟು ಬಿದ್ದದ್ದು ಯಾರಿಗೆ ಎಂಬುದನ್ನೂ ನೋಡಬೇಕು. ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ 1968ರಿಂದ ಭಾರತದಲ್ಲಿ ಕೆಲಸ ಮಾಡುತ್ತಿತ್ತು. ಅದರ ಪದ್ಧತಿಯಲ್ಲಿ ಮಗು ತನ್ನ ಮನೆಯಲ್ಲೇ ಇರುತ್ತದೆ. ಶಾಲೆ ಬಿಟ್ಟ ಮೇಲೆ ಸ್ಥಳೀಯ ಚರ್ಚಿನ ಕೇಂದ್ರಕ್ಕೆ ಬಂದು ಊಟ, ಪಾಠ, ವೈದ್ಯರ ತಪಾಸಣೆ ಪಡೆಯುತ್ತದೆ. ಖರ್ಚು ದೂರದ ದೇಶದ ಒಬ್ಬ ದಾನಿಯದು. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ವೈಡಿಕ್, ಗ್ಲೆವ್ವೆ, ರಟ್ಲೆಜ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದು ಕಂಡುಬಂತು. ಆದರೆ ಕೇಂದ್ರದ ಬಾಗಿಲು ಚರ್ಚಿನ ಬಾಗಿಲೇ. ಮತಾಂತರಕ್ಕೆ ಹಣ ಹೋಗುತ್ತಿದೆ ಎಂಬ ಆರೋಪದ ಮೇಲೆ 2016ರಲ್ಲಿ ಗೃಹ ಸಚಿವಾಲಯ ಸಂಸ್ಥೆಯನ್ನು, ಹಣ ಕಳಿಸಲು ಪೂರ್ವಾನುಮತಿ ಬೇಕಾದವರ ಪಟ್ಟಿಗೆ ಸೇರಿಸಿತು. ಸಂಸ್ಥೆ ಆರೋಪವನ್ನು ಅಲ್ಲಗಳೆಯಿತು. 2017ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಆಗ ಅದರ ನೆರವಿನಲ್ಲಿದ್ದ ಮಕ್ಕಳು ಸುಮಾರು ಒಂದೂವರೆ ಲಕ್ಷ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾಗಿ, ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ಖರ್ಚು ಶೇ. 20 ಮೀರಬಾರದು ಎಂದಾಯಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಮನೆಗಳಿಗೆ ಅದು ನೇರ ಹೊಡೆತ.

ಎಲ್ಲಿಂದ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಕೇಳುವುದು ಸರ್ಕಾರದ ಹಕ್ಕು, ಕರ್ತವ್ಯ ಕೂಡ. ತಪ್ಪು ಮಾಡಿದ ಸಂಸ್ಥೆಗೆ ಶಿಕ್ಷೆ ಆಗಲಿ. ಆದರೆ ಕೇಂದ್ರ ಮುಚ್ಚಿದ ಮರುದಿನ ಆ ಮಗುವಿನ ಟ್ಯೂಷನ್, ಸಂಜೆಯ ಊಟ ಎಲ್ಲಿಂದ ಬರಬೇಕು ಎಂಬುದಕ್ಕೆ ಪೂರ್ವಾನುಮತಿಯ ಆದೇಶದಲ್ಲೇ ಉತ್ತರ ಇರಬೇಕಿತ್ತು. ಇರಲಿಲ್ಲ.

ಇದೆಲ್ಲ ತೂಗಿ ನೋಡಿದ ಮೇಲೆ ನನಗೆ ಮುಖ್ಯವೆನಿಸುವುದು ಒಂದೇ ಪರೀಕ್ಷೆ: ಬೇಡ ಎಂದರೂ ಅನ್ನ ನಿಲ್ಲದೆ ಇರುತ್ತದೆಯೇ? ಪ್ರಾರ್ಥನೆಗೆ ಬಾರದ ಹುಡುಗಿಗೆ ಅದೇ ತಟ್ಟೆ, ಅದೇ ಬೆಂಚು, ಅದೇ ಅಕ್ಕರೆ ಸಿಗುತ್ತದೆಯೇ? ಹಬ್ಬಕ್ಕೆಂದು ಮಗಳನ್ನು ಕರೆದುಕೊಂಡು ಹೋಗಲು ಬಂದ ತಾಯಿ ತನ್ನ ಮಗುವಿಗಾಗಿ ತಾನೇ ಗೋಗರೆಯಬೇಕೇ? ವಾರ್ಡನ್ ಹೊಡೆದರೆ, ಅದಕ್ಕಿಂತ ಕೆಟ್ಟದ್ದೇನಾದರೂ ನಡೆದರೆ, ಮಗು ಸಂಸ್ಥೆಯ ಹೊರಗಿನ ಯಾರಿಗೆ ಹೇಳಬಲ್ಲದು? ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬಲ್ಲ ಮನೆ ಯಾವ ದೇವರ ಚಿತ್ರ ತೂಗುಹಾಕಿದರೂ ನನಗೆ ತಕರಾರಿಲ್ಲ. ಉತ್ತರಿಸಲಾಗದ ಮನೆ ನಮ್ಮ ಊರ ಮಠದ್ದೇ ಆದರೂ ನಂಬುವುದಿಲ್ಲ. ಇದೇ ಪರೀಕ್ಷೆಯನ್ನು ದಾನಿಗಳಿಗೂ ಹಚ್ಚಬೇಕು. ಇಂದಿರಾನಗರದ ಮನೆಗಳಿಂದ ಭಾನುವಾರ ಕೇಕು ತಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸಿ, ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ರಕ್ಷಣೆಯಲ್ಲಿರುವ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗಬಾರದು ಎಂದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನೇ ಇದೆ. ಆ ಹಾಡಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವೂ ಮಗುವಿಗೆ ಇಲ್ಲ.

ಮುಂದಿನ ದಾರಿ ಹಾಸ್ಟೆಲ್‌ಗಿಂತ ಮನೆಗೆ ಹತ್ತಿರವಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಾಯಿಯ ಜೊತೆಗೇ ಇರುವ ಬಡ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ವಿಧವೆ, ಗಂಡ ಬಿಟ್ಟವಳು, ಗಂಭೀರ ಕಾಯಿಲೆಯವರ ಮಕ್ಕಳಿಗೆ ಅದು ಸಿಗಬೇಕು. ಆದರೆ ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ದಾಟಬಾರದು. ತಿಂಗಳಿಗೆ ಎಂಟು ಸಾವಿರ. ಕೆ.ಆರ್. ಪುರದಲ್ಲಿ ಮೂರು ಮನೆ ಪಾತ್ರೆ ತೊಳೆಯುವ ವಿಧವೆ ಅದಕ್ಕಿಂತ ಸ್ವಲ್ಪ ಹೆಚ್ಚು ದುಡಿದರೆ ಅನರ್ಹಳು; ಆ ದುಡಿಮೆಯಲ್ಲಿ ಬಾಡಿಗೆ ಕಟ್ಟಿ ಮಗಳನ್ನು ಸಾಕುವುದಂತೂ ಆಗದು. ಈ ಮಿತಿಯೇ ಮಕ್ಕಳನ್ನು ಹಾಸ್ಟೆಲ್ ಕಡೆಗೆ ದೂಡುತ್ತಿದೆ. ಮತಾಂತರದ ಬಗ್ಗೆ ನಿಜವಾಗಿ ಚಿಂತೆ ಇರುವವರು ಮೊದಲು ಈ ಮಿತಿಯನ್ನು ಏರಿಸಲು ಹೋರಾಡಲಿ. ಆಗ ಹೆಂಗಸೊಬ್ಬಳು ಯಾರ ಹಂಗೂ ಇಲ್ಲದೆ ಮಗುವನ್ನು ತನ್ನ ಬಳಿಯೇ ಇರಿಸಿಕೊಳ್ಳಬಹುದು.

ಮಿಷನ್ನಿನವರಿಗೂ ಇಲ್ಲಿ ಕೆಲಸವಿದೆ, ಅದೂ ಅವರಷ್ಟು ಚೆನ್ನಾಗಿ ಬೇರೆಯವರು ಮಾಡಲಾರದ ಕೆಲಸ. ಯಾವ ಓಣಿಯಲ್ಲಿ ಯಾವ ತಾಯಿ ಒಬ್ಬಂಟಿ ಎಂಬುದು ಅವರಿಗೆ ಗೊತ್ತು. ಆಧಾರ್ ತಿದ್ದಿಸಲು, ಆದಾಯ ಪ್ರಮಾಣಪತ್ರ ಮಾಡಿಸಲು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಮುಟ್ಟಿಸಲು ಬೇಕಾದ ತಾಳ್ಮೆ ಅವರಿಗಿದೆ. ಹಾಸ್ಟೆಲಿನ ಸಂಖ್ಯೆ ಕಡಿಮೆಯಾದರೆ ದಾನಿಗಳಿಗೆ ತೋರಿಸಲು ಮಕ್ಕಳು ಕಡಿಮೆಯಾಗುತ್ತಾರೆ, ದೇಣಿಗೆಯೂ ಇಳಿಯಬಹುದು. ಆ ನಷ್ಟವನ್ನು ಒಪ್ಪಿಕೊಂಡು ಮಕ್ಕಳನ್ನು ಮನೆಯಲ್ಲೇ ಉಳಿಸಲು ದುಡಿಯುವ ಮಿಷನ್ನಿಗೆ ಆಮಿಷದ ಆರೋಪ ಅಂಟುವುದು ಕಷ್ಟ. ಅಲ್ಲಿಯವರೆಗೆ ಜೂನ್ ತಿಂಗಳಲ್ಲಿ ಟ್ರಂಕು ಹಿಡಿದು ಗೇಟಿಗೆ ಬರುವ ತಾಯಿಗೆ, ಹೆಬ್ಬೆಟ್ಟು ಒತ್ತಿಸುವ ಮೊದಲು, ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು: ಪ್ರಾರ್ಥನೆ ಕಡ್ಡಾಯವಲ್ಲ, ಸಮಿತಿಗೆ ಹೇಳಿ ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಹಕ್ಕು ನಿನಗಿದೆ, ಮಕ್ಕಳ ಕಲ್ಯಾಣ ಸಮಿತಿಯ ಫೋನ್ ನಂಬರ್ ಇದು.